ಭೂರಕ್ಷಣೆಯೂ ದಾಸೋಹತತ್ತ್ವವೂ

ಸೊನ್ನಲಿಗೆಯ ಸಿದ್ಧರಾಮೇಶ್ವರರು ಶಿಷ್ಯಸಮೂಹದೊಡನೆ ಕೆರೆಯನ್ನು ಕಟ್ಟಿಸಿ ಊರಿಗೆ ನೀರಿನ ಆಸರೆಯನ್ನು ಒದಗಿಸಿದ ವೃತ್ತಾಂತವನ್ನು ಕೇಳದ ಶಿವಭಕ್ತರು ವಿರಳ. ಆ ಕೆರೆಯು ಇಂದಿಗೂ ಸೊಲ್ಲಾಪುರದ ನಡುವೆ ಸಿದ್ಧರಾಮರ ಹೆಸರನ್ನು ಧರಿಸಿ ನಿಂತಿದೆ. ಅಲ್ಲಮಪ್ರಭುಗಳು ಆ ಕ್ಷೇತ್ರಕ್ಕೆ ಬಿಜಯಂಗೈದು, ಮಣ್ಣು ಹೊರುವ ಒಡ್ಡನೆಂದು ಸಿದ್ಧರಾಮರನ್ನು ಕರೆದು, ಅವರ ಶಿಷ್ಯರ ಕೋಪಕ್ಕೆ ಗುರಿಯಾದ ಪ್ರಸಂಗವನ್ನು ಶೂನ್ಯಸಂಪಾದನೆಯು ಸವಿಸ್ತರವಾಗಿ ವರ್ಣಿಸುತ್ತದೆ. ಇದನ್ನು ಓದಿದ ಕೆಲವರು, ಪ್ರಭುದೇವರು ಲೋಕೋಪಕಾರದ ಕಾರ್ಯವನ್ನೇ ಹಳಿದರೆಂದು ತಿಳಿಯುವುದುಂಟು. ಅದು ಸರಿಯಾದ ತಿಳಿವಳಿಕೆಯಲ್ಲ. ಪ್ರಭುಗಳು ಆಕ್ಷೇಪಿಸಿದ್ದು ಕೆರೆಯನ್ನಲ್ಲ. ಕೆರೆಯನ್ನು ಕಟ್ಟಿದವನು ತಾನೆಂಬ ಭಾವವನ್ನು. ಕೆರೆಯ ನೀರು ಲೋಕಕ್ಕೆ ಸಲ್ಲುವಂತೆಯೇ ಕಟ್ಟಿದ ಹಿರಿಮೆಯೂ ಕಟ್ಟಿದವನನ್ನು ಬಿಟ್ಟು ಲೋಕಕ್ಕೆ ಸಂದಾಗಲೇ ಆ ಕಾರ್ಯವು ಪೂರ್ಣವಾಗುತ್ತದೆಂಬುದು ಆ ಪ್ರಸಂಗದ ಹೃದಯ.

ಎಂಟುನೂರು ವರ್ಷಗಳಿಗೂ ಹಿಂದೆ ಎದ್ದ ಈ ಪ್ರಶ್ನೆ ಇಂದು ಬೇರೊಂದು ರೂಪದಲ್ಲಿ ಪ್ರತಿಯೊಂದು ಗ್ರಾಮದ ಎದುರಿಗೂ ನಿಂತಿದೆ. ಕೆಟ್ಟುಹೋದ ಭೂಮಿಯನ್ನು ಮತ್ತೆ ಹಸುರುಗೊಳಿಸುವ ಕಾರ್ಯದಲ್ಲಿ ಸಂಯಮವನ್ನು ಪಾಲಿಸತಕ್ಕವರು ಯಾರು? ಅದರ ಫಲವನ್ನು ಉಣ್ಣತಕ್ಕವರು ಯಾರು? ಈ ಇಬ್ಬರೂ ಬೇರೆ ಬೇರೆಯವರಾದರೆ ಆ ಕಾರ್ಯವನ್ನು ಧರ್ಮಕಾರ್ಯವೆನ್ನಬಹುದೆ?

ಭೂಮಿಯು ಕೆಡುವ ಕ್ರಮವನ್ನು ಒಕ್ಕಲುತನದ ಮನೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಗುಡ್ಡದ ಮರಗಳು ಸೌದೆಗೆ ಹೋಗುತ್ತವೆ. ಉಳಿದ ಹುಲ್ಲನ್ನು ದನಕರುಗಳೂ ಆಡು ಕುರಿಗಳೂ ಬುಡದವರೆಗೆ ಮೇಯುತ್ತವೆ. ಮುಂಗಾರಿನ ಮೊದಲ ಮಳೆಯು ಹೊದಿಕೆಯಿಲ್ಲದ ನೆಲದ ಮೇಲೆ ಬಿದ್ದು, ಮಣ್ಣಿನ ಕಣಗಳನ್ನು ಬಿಡಿಸಿಕೊಂಡು ಹರಿಯುತ್ತದೆ. ಮೊದಲು ಗೆರೆಯಷ್ಟಿದ್ದ ಹರಿವು ಎರಡು ಮೂರು ವರ್ಷಗಳಲ್ಲಿ ಕೊರಕಲಾಗುತ್ತದೆ, ಕೊರಕಲು ಹಳ್ಳವಾಗುತ್ತದೆ. ಒಂದು ಅಂಗುಲ ಫಲವತ್ತಾದ ಮಣ್ಣು ಕೂಡಿಬರಲು ನೂರಾರು ವರ್ಷಗಳು ಬೇಕು. ಅದು ಕೊಚ್ಚಿಹೋಗಲು ಕೆಲವೇ ಮಳೆಗಾಲಗಳು ಸಾಕು. ಮೇಲಿನ ಗುಡ್ಡವು ಬೋಳಾದರೆ ಕೆಳಗಿನ ಕೆರೆಯಲ್ಲಿ ಹೂಳು ತುಂಬುತ್ತದೆ, ಬಾವಿಯ ನೀರು ಇಳಿಯುತ್ತದೆ. ಹೀಗೆ ಮೇಲಿನವನ ಬಡತನವು ಕೆಳಗಿನವನ ಹೊಲಕ್ಕೂ ಬಂದು ಮುಟ್ಟುತ್ತದೆ.

ಇದಕ್ಕೆ ಮದ್ದೂ ಗೊತ್ತಿರುವುದೇ ಆಗಿದೆ. ಇಳಿಜಾರಿನಲ್ಲಿ ಅಲ್ಲಲ್ಲಿ ನೀರನ್ನು ತಡೆದು ನಿಲ್ಲಿಸುವುದು, ಕೆಲವು ವರ್ಷ ದನಕರುಗಳನ್ನು ಗುಡ್ಡಕ್ಕೆ ಬಿಡದಿರುವುದು, ಹುಲ್ಲುಗಿಡಗಳು ತಾವಾಗಿ ಚಿಗುರಲು ಅವಕಾಶ ಕೊಡುವುದು—ಇಷ್ಟೆ. ನೆಲವು ಕ್ಷಮಾಶೀಲವಾದುದು, ಬಿಟ್ಟರೆ ತಾನೇ ಮಾಯುತ್ತದೆ. ಆದರೆ ಬಿಡುವುದೆಂದರೆ ಯಾರಾದರೂ ಒಬ್ಬರು ಏನನ್ನಾದರೂ ಬಿಡಲೇಬೇಕು. ಹತ್ತು ಎಕರೆ ನೀರಾವರಿಯುಳ್ಳವನು ಗುಡ್ಡಕ್ಕೆ ತನ್ನ ಎಮ್ಮೆಯನ್ನು ಅಟ್ಟದಿದ್ದರೆ ಅವನಿಗೇನೂ ಕಷ್ಟವಿಲ್ಲ. ಹೊಲದ ಬದುವಿನಲ್ಲಿ ಹುಲ್ಲಿದೆ, ಬಣವೆಯಲ್ಲಿ ಮೇವಿದೆ. ನಾಲ್ಕು ಆಡುಗಳ ಹೊರತು ಬೇರೆ ಆಸ್ತಿಯಿಲ್ಲದವನಿಗೆ ಗುಡ್ಡವು ಮುಚ್ಚಿತೆಂದರೆ ಮನೆಯ ಒಲೆಯೇ ಆರಿದಂತೆ. ಆದುದರಿಂದ ಭೂರಕ್ಷಣೆಯ ಪ್ರಶ್ನೆಯು ಮಣ್ಣು ನೀರುಗಳ ಶಾಸ್ತ್ರದಲ್ಲಿ ತೊಡಗಿ ಧರ್ಮದ ವಿಚಾರದಲ್ಲಿ ಹೋಗಿ ನಿಲ್ಲುತ್ತದೆ.

ಈ ತೊಡಕಿಗೆ ಆಳುವವರು ಬಹುಕಾಲದಿಂದ ಕಂಡುಕೊಂಡ ಉತ್ತರವು ಕಾನೂನು, ಬೇಲಿ ಮತ್ತು ಕಾವಲುಗಾರ. ಹಿಮಾಲಯದ ತಪ್ಪಲಿನಲ್ಲಿರುವ ಶಿವಾಲಿಕ ಬೆಟ್ಟಗಳು ಸಡಿಲವಾದ ಮಣ್ಣಿನವು. ಮಳೆಗೆ ಬೇಗ ಕರಗತಕ್ಕವು. ಅಲ್ಲಿಂದ ಇಳಿಯುವ ಮಳೆಗಾಲದ ತೊರೆಗಳನ್ನು ಆ ಸೀಮೆಯಲ್ಲಿ ‘ಚೋ’ ಎನ್ನುವರು. ಅವು ಹೊಲಗಳ ಮೇಲೆ ಮರಳನ್ನು ಹರಡಿ ಹಾಳುಮಾಡುವುದನ್ನು ತಡೆಯಲು ಪಂಜಾಬಿನಲ್ಲಿ ೧೯೦೦ರಲ್ಲಿಯೇ ಭೂಸಂರಕ್ಷಣೆಯ ಕಾನೂನೊಂದು ಬಂದಿತು. ಬೆಟ್ಟದಲ್ಲಿ ದನ ಮೇಯಿಸುವುದನ್ನೂ ಮರ ಕಡಿಯುವುದನ್ನೂ ನಿರ್ಬಂಧಿಸುವ ಅಧಿಕಾರವು ಅದರಿಂದ ಸರಕಾರಕ್ಕೆ ದೊರೆಯಿತು. ಆದರೂ ಮುಕ್ಕಾಲು ಶತಮಾನ ಕಳೆದ ಮೇಲೆ ಆ ಬೆಟ್ಟಗಳಲ್ಲಿ ಎಷ್ಟೋ ಭಾಗ ಬೋಳಾಗಿಯೇ ಇದ್ದಿತು.

ಕನ್ನಡ ನಾಡಿಗೂ ಇಂತಹ ಅನುಭವವು ಹೊಸದಲ್ಲ. ವಿಜಯಪುರ, ಧಾರವಾಡ ಮೊದಲಾದ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ೧೯೪೨ರ ಭೂಸುಧಾರಣೆಯ ಕಾನೂನಿನ ಮೇರೆಗೆ ಹೊಲಗಳಲ್ಲಿ ಸಮಪಾತಳಿಯ ಒಡ್ಡುಗಳನ್ನು ಹಾಕುವ ಕಾರ್ಯವು ನಡೆಯಿತು. ಉದ್ದೇಶವು ಒಳ್ಳೆಯದೇ. ಆದರೆ ಒಡ್ಡುಗಳು ನೆಲದ ಮಟ್ಟವನ್ನು ಅನುಸರಿಸಿ ಹೋದುವೇ ಹೊರತು ರೈತನ ಬಾಂದುಗಳನ್ನು ಲಕ್ಷಿಸಲಿಲ್ಲ. ಒಬ್ಬನ ಹೊಲವು ಎರಡು ತುಂಡಾಯಿತು, ಇನ್ನೊಬ್ಬನದರಲ್ಲಿ ನೀರು ನಿಂತಿತು. ಆಳವಾದ ಎರೆಯ ಭೂಮಿಯಂತೂ ಬೇಸಗೆಯಲ್ಲಿ ಬಿರುಕು ಬಿಡುವ ಸ್ವಭಾವದ್ದು. ಅಲ್ಲಿ ಮಣ್ಣಿನ ಒಡ್ಡುಗಳು ನಿಲ್ಲದೆ ಒಡೆದುಹೋಗುತ್ತಿದ್ದವು. ಹೊಲದವನನ್ನು ಕೇಳದೆ ಹಾಕಿದ ಒಡ್ಡನ್ನು ಹೊಲದವನೇ ಕಡಿದು ಹಾಕಿದ ಪ್ರಸಂಗಗಳೂ ಉಂಟು. ತನ್ನದೆಂಬ ಭಾವವಿಲ್ಲದ ಒಳಿತನ್ನು ಮನುಷ್ಯನು ಕಾಯುವುದಿಲ್ಲ.

ಹಾಗಾದರೆ ಬೇರೆ ದಾರಿ ಯಾವುದು? ಚೋಗಳ ಕಾನೂನು ಹುಟ್ಟಿದ ಆ ಶಿವಾಲಿಕದ ತಪ್ಪಲಿನಲ್ಲಿಯೇ, ಹರಿಯಾಣದ ಪಿಂಜೋರಿನ ಸಮೀಪವಿರುವ ಸುಖೋಮಾಜ್ರಿ ಎಂಬ ಒಂದು ಚಿಕ್ಕ ಹಳ್ಳಿಯು ಅದನ್ನು ತೋರಿಸಿತು. ಅಲ್ಲಿ ನಡೆದುದನ್ನು ಭಕ್ತರು ಸಾವಧಾನವಾಗಿ ವಿಚಾರಿಸತಕ್ಕದ್ದು.

ಚಂಡೀಗಢ ನಗರಕ್ಕಾಗಿ ೧೯೫೮ರಲ್ಲಿ ಸುಖನಾ ಎಂಬ ತೊರೆಗೆ ಅಡ್ಡಕಟ್ಟೆ ಹಾಕಿ ಒಂದು ವಿಶಾಲವಾದ ಕೆರೆಯನ್ನು ನಿರ್ಮಿಸಲಾಯಿತು. ಇಪ್ಪತ್ತು ವರ್ಷಗಳು ತುಂಬುವ ಮೊದಲೇ ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೂಳು ಆಕ್ರಮಿಸಿತು. ಹೂಳನ್ನು ಎತ್ತಿಸಿದಷ್ಟೂ ಹೊಸ ಹೂಳು ಬರುತ್ತಲಿದ್ದಿತು. ಕೇಂದ್ರ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆಯ ಚಂಡೀಗಢ ಶಾಖೆಯ ವಿಜ್ಞಾನಿ ಪಿ. ಆರ್. ಮಿಶ್ರ ಅವರು ಆ ಹೂಳಿನ ಜಾಡನ್ನು ಹಿಡಿದು ಬೆಟ್ಟದ ಮೇಲಕ್ಕೆ ನಡೆದರು. ಆ ಜಾಡು ಅವರನ್ನು ಸುಖೋಮಾಜ್ರಿಯ ಮೇಲಿನ ಬೋಳು ಗುಡ್ಡಗಳಿಗೆ ಒಯ್ದಿತು. ಅಲ್ಲಿನ ನಿವಾಸಿಗಳು ಬಹುತೇಕ ಗುಜ್ಜರ ಕುಲದ ಪಶುಪಾಲಕರು. ವರ್ಷಕ್ಕೆ ಸುಮಾರು ೧೧೦೦ ಮಿಲಿಮೀಟರ್ ಮಳೆ ಬಿದ್ದರೂ ಅದೆಲ್ಲವೂ ಹೆಚ್ಚಾಗಿ ಮಳೆಗಾಲದ ಕೆಲವು ತಿಂಗಳುಗಳಲ್ಲಿ ಸುರಿದು, ನಿಲ್ಲದೆ ಹರಿದುಹೋಗುತ್ತಿದ್ದಿತು. ಹೊಲದ ಬೆಳೆಯನ್ನು ನಂಬಲಾಗದ ಆ ಜನರಿಗೆ ಆಡುಗಳೇ ಆಧಾರವಾಗಿದ್ದವು. ಗುಡ್ಡವನ್ನು ಕೆಡಿಸಿದ್ದು ಅವರ ದುಷ್ಟತನವಲ್ಲ, ಅವರ ಹಸಿವು.

ಮೊದಲಲ್ಲಿ ಮಿಶ್ರ ಅವರೂ ಶಾಸ್ತ್ರದ ದಾರಿಯನ್ನೇ ಹಿಡಿದರು. ಕೊರಕಲುಗಳಿಗೆ ಅಡ್ಡಗಟ್ಟೆಗಳನ್ನು ಹಾಕಿಸಿದರು. ಇಳಿಜಾರಿನಲ್ಲಿ ಗುಂಡಿಗಳನ್ನು ತೋಡಿಸಿ ಸಸಿಗಳನ್ನು ನೆಡಿಸಿದರು. ಊರಿನವರು ಅದನ್ನು ಸರಕಾರದ ಕೆಲಸವೆಂದು ನೋಡುತ್ತ ನಿಂತರು. ಆಡುಗಳು ಎಂದಿನಂತೆ ಗುಡ್ಡವನ್ನೇರಿದವು. ೧೯೭೬ರಲ್ಲಿ ಹಳ್ಳಿಯ ಮೇಲುಭಾಗದಲ್ಲಿ ಮಣ್ಣಿನ ಒಂದು ಚಿಕ್ಕ ಒಡ್ಡನ್ನು ಕಟ್ಟಲಾಯಿತು. ಅದನ್ನು ಕಟ್ಟಿದ್ದು ಮಣ್ಣು ಕೊರೆಯದಂತೆ ತಡೆಯಲು, ನೀರಾವರಿಗಾಗಿ ಅಲ್ಲ. ಮುಂದೊಂದು ಚಳಿಗಾಲದಲ್ಲಿ ಮಳೆಯು ಕೈಕೊಟ್ಟು ಗೋಧಿಯ ಪೈರು ಒಣಗತೊಡಗಿದಾಗ ಆ ಒಡ್ಡಿನಲ್ಲಿ ನಿಂತಿದ್ದ ನೀರು ಕೆಳಗಿನ ಹೊಲಗಳನ್ನು ಉಳಿಸಿತು. ಅಂದು ಹಳ್ಳಿಗರಿಗೆ ಗುಡ್ಡಕ್ಕೂ ಹೊಟ್ಟೆಗೂ ಇರುವ ಸಂಬಂಧವು ಕಣ್ಣಾರೆ ಕಂಡಿತು.

ಆದರೆ ನಿಜವಾದ ಪರೀಕ್ಷೆ ಆಗ ತೊಡಗಿತು. ನೀರು ಮುಟ್ಟಿದ್ದು ಒಡ್ಡಿನ ಕೆಳಗೆ ಹೊಲವುಳ್ಳ ಕೆಲವರಿಗೆ ಮಾತ್ರ. ಉಳಿದವರು ಆಡುಗಳನ್ನು ಗುಡ್ಡಕ್ಕೆ ಬಿಡುತ್ತಲೇ ಇದ್ದರು. ಅವರ ವಾದವು ಸರಳವಾಗಿದ್ದಿತು: ನೀರು ಅವರಿಗೆ, ಉಪವಾಸ ತಮಗೆ—ಇದು ಯಾವ ನ್ಯಾಯ? ಈ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಉತ್ತರವು ಊರಿನವರ ಮಾತುಕತೆಯಲ್ಲಿಯೇ ಹುಟ್ಟಿತು. ಒಡ್ಡಿನ ನೀರಿನಲ್ಲಿ ಊರಿನ ಪ್ರತಿಯೊಂದು ಮನೆಗೂ ಸಮಪಾಲು. ಹೊಲವು ದೊಡ್ಡದಿರಲಿ, ಚಿಕ್ಕದಿರಲಿ, ಇಲ್ಲದೆಯೇ ಇರಲಿ, ಪಾಲು ಮಾತ್ರ ಒಂದೇ. ಹೊಲವಿಲ್ಲದವನು ತನ್ನ ಪಾಲಿನ ನೀರನ್ನು ಮಾರಬಹುದು, ಇಲ್ಲವೆ ಹೊಲವುಳ್ಳವನಿಗೆ ಕೊಟ್ಟು ಬೆಳೆಯಲ್ಲಿ ಪಾಲು ಪಡೆಯಬಹುದು. ಇದಕ್ಕೆ ಪ್ರತಿಯಾಗಿ ಯಾವ ಮನೆಯವರೂ ಗುಡ್ಡಕ್ಕೆ ಜಾನುವಾರುಗಳನ್ನು ಮೇಯಲು ಬಿಡತಕ್ಕದ್ದಲ್ಲ. ಬಿಟ್ಟವರು ತಮ್ಮ ಪಾಲನ್ನು ಕಳೆದುಕೊಳ್ಳುವರು. ಈ ಒಪ್ಪಂದವನ್ನು ನಡೆಯಿಸಲು ಊರಿನವರದೇ ಒಂದು ಸಂಘವು ಏರ್ಪಟ್ಟಿತು. ಮುಂದೆ ಇನ್ನೂ ಕೆಲವು ಒಡ್ಡುಗಳು ಕಟ್ಟಲ್ಪಟ್ಟವು. ನೆಲದೊಳಗಿನ ಕೊಳವೆಗಳ ಮೂಲಕ ದೂರದ ಹೊಲಗಳಿಗೂ ನೀರು ಹರಿಯಿತು.

ಗುಡ್ಡಕ್ಕೆ ತಂತಿಯ ಬೇಲಿಯನ್ನು ಯಾರೂ ಹಾಕಲಿಲ್ಲ. ಊರಿನವರ ಮಾತೇ ಬೇಲಿಯಾಯಿತು. ಕಾವಲುಗಾರನ ಕಣ್ಣು ತಪ್ಪಿಸುವುದು ಸುಲಭ. ನೆರೆಹೊರೆಯ ನೂರು ಕಣ್ಣುಗಳನ್ನೂ ತನ್ನ ಪಾಲಿನ ಮೇಲಿನ ತನ್ನದೇ ಆಸೆಯನ್ನೂ ತಪ್ಪಿಸುವುದು ಸುಲಭವಲ್ಲ. ಕೆಲವೇ ವರ್ಷಗಳಲ್ಲಿ ಗುಡ್ಡದ ಮೇಲೆ ಹುಲ್ಲು ಎದ್ದಿತು. ಕಾಗದದ ಗಿರಣಿಗಳಿಗೂ ಹಗ್ಗಕ್ಕೂ ಒದಗುವ ಭಾಭರ ಹುಲ್ಲನ್ನು ಹಿಂದೆ ಅರಣ್ಯ ಇಲಾಖೆಯು ಗುತ್ತಿಗೆದಾರರಿಗೆ ಹರಾಜು ಹಾಕುತ್ತಿದ್ದಿತು. ಈಗ ಇಲಾಖೆಗೆ ಹಿಂದಿನಂತೆಯೇ ಹಣವನ್ನು ತೆತ್ತು ಸಂಘವೇ ಆ ಹುಲ್ಲನ್ನು ಪಡೆಯಿತು. ೧೯೭೫ರಲ್ಲಿ ಇನ್ನೂರಕ್ಕೂ ಮೀರಿದ್ದ ಆಡುಗಳು ೧೯೮೬ರ ವೇಳೆಗೆ ಬೆರಳೆಣಿಕೆಗೆ ಇಳಿದವು; ಎಂಬತ್ತರ ಒಳಗಿದ್ದ ಎಮ್ಮೆಗಳು ಮುನ್ನೂರರ ಸಮೀಪಕ್ಕೆ ಏರಿದವು. ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿದ ಎಮ್ಮೆಯು ಹಾಲನ್ನು ಕೊಟ್ಟಿತು. ಗೋಧಿ ಜೋಳಗಳ ಇಳುವರಿ ಹೆಚ್ಚಿತು. ಆ ಗುಡ್ಡಗಳಿಂದ ಸುಖನಾ ಕೆರೆಗೆ ಇಳಿಯುತ್ತಿದ್ದ ಹೂಳು ಬಹುಮಟ್ಟಿಗೆ ನಿಂತಿತು. ಶಿವಾಲಿಕದ ಇತರ ಗ್ರಾಮಗಳಲ್ಲಿಯೂ ಇಂತಹ ಸಂಘಗಳು ಹುಟ್ಟಿದವು. ಅರಣ್ಯರಕ್ಷಣೆಯಲ್ಲಿ ಗ್ರಾಮಸ್ಥರಿಗೆ ಪಾಲು ಕೊಡತಕ್ಕದ್ದೆಂದು ಕೇಂದ್ರ ಸರಕಾರವು ೧೯೯೦ರ ಜೂನ್ ೧ರಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿದಾಗ, ಅದರ ಹಿಂದೆ ಇದ್ದ ಅನುಭವಗಳಲ್ಲಿ ಸುಖೋಮಾಜ್ರಿಯದೂ ಒಂದು.

ಈಗ ಈ ವೃತ್ತಾಂತದಲ್ಲಿ ಅಡಗಿರುವ ತತ್ತ್ವವನ್ನು ಪರಾಮರ್ಶಿಸಬಹುದು. ಇದರ ಮೇಲೆ ಮೂರು ಪೂರ್ವಪಕ್ಷಗಳು ಏಳುತ್ತವೆ.

ಮೊದಲನೆಯದು ಹೊಲದೊಡೆಯನ ಪಕ್ಷ. ನೀರು ಇರುವುದು ನೆಲಕ್ಕಾಗಿ. ನೆಲವಿಲ್ಲದವನಿಗೆ ನೀರಿನಲ್ಲಿ ಹಕ್ಕು ಎಲ್ಲಿಯದು? ಕನಿಕರದಿಂದ ಅವನಿಗೂ ಏನಾದರೂ ಕೊಟ್ಟರೆ ಅದು ದಾನ. ಕೊಡದಿದ್ದರೆ ಪಾಪವೇನೂ ಇಲ್ಲವೆಂದು ಅವನು ಹೇಳಬಹುದು. ಇದಕ್ಕೆ ಸಮಾಧಾನವು ಹೀಗಿದೆ. ಒಡ್ಡಿನಲ್ಲಿ ನಿಂತ ನೀರು ಹೊಲದಿಂದ ಹುಟ್ಟಿದುದಲ್ಲ, ಗುಡ್ಡದಿಂದ ಬಂದುದು. ಗುಡ್ಡವು ನೀರನ್ನು ತಿಳಿಯಾಗಿ ಇಳಿಯಬಿಟ್ಟುದು ಅದರ ಮೈಮೇಲೆ ಹುಲ್ಲು ಇದ್ದುದರಿಂದ. ಹುಲ್ಲು ಉಳಿದುದು ಆಡಿನವನು ತನ್ನ ಆಡನ್ನು ತಡೆದುದರಿಂದ. ಬೆವರು ಸುರಿಸುವುದು ಒಂದು ಬಗೆಯ ದುಡಿಮೆಯಾದರೆ ಹಸಿವಿನ ಎದುರಿಗೆ ಕೈಯನ್ನು ಹಿಂದೆಗೆಯುವುದು ಇನ್ನೊಂದು ಬಗೆಯ ದುಡಿಮೆ. ಆದುದರಿಂದ ಆ ನೀರಿನಲ್ಲಿ ಭೂಹೀನನ ಕಾಯಕವೂ ಬೆರೆತಿದೆ. ಅವನಿಗೆ ಕೊಡುವ ಪಾಲು ದಾನವಲ್ಲ, ಅವನ ಕಾಯಕದ ಫಲ.

ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹವೆಂಬ ಶಬ್ದದಲ್ಲಿಯೇ ಕೊಡುವವನು ತಾನು ದಾಸನೆಂಬ ಭಾವವು ಅಡಗಿದೆ. ಎಲ್ಲವೂ ಶಿವನದೆಂದು ತಿಳಿದ ಮೇಲೆ ತನ್ನದನ್ನು ಇನ್ನೊಬ್ಬನಿಗೆ ಕೊಟ್ಟೆನೆಂಬ ಮಾತಿಗೆ ಅರ್ಥವಿಲ್ಲ. ಶಿವನದು ಶಿವನ ಮಕ್ಕಳಿಗೆ ಸಂದಿತೆಂಬುದಷ್ಟೇ ಸತ್ಯ. ಭೂಮಿಯ ಮೇಲಿನ ನೀರು ಹುಲ್ಲುಗಳ ವಿಷಯದಲ್ಲಿ ಈ ಮಾತು ಪ್ರತ್ಯಕ್ಷವಾಗಿಯೇ ನಿಜವಾಗುತ್ತದೆ. ಏಕೆಂದರೆ ಅವನ್ನು ಸೃಷ್ಟಿಸಿದ ಮನುಷ್ಯನೊಬ್ಬನೂ ಇಲ್ಲ.

ಎರಡನೆಯದು ವೈರಾಗ್ಯಪ್ರಿಯರ ಪಕ್ಷ. ಪಾಲು ಸಿಗುವುದೆಂಬ ಆಸೆಯಿಂದ ಆಡನ್ನು ತಡೆದರೆ ಅದು ವ್ಯಾಪಾರವೇ ಹೊರತು ಸಂಯಮವಲ್ಲ, ಅದರಲ್ಲಿ ಧರ್ಮವೆಲ್ಲಿದೆ? ಈ ಆಕ್ಷೇಪವು ಮೇಲುನೋಟಕ್ಕೆ ಗಂಭೀರವಾಗಿ ತೋರುತ್ತದೆ. ಆದರೆ ಇದನ್ನು ಎತ್ತುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರು. ಏನನ್ನೂ ಕಳೆದುಕೊಳ್ಳದವನು ಎಲ್ಲವನ್ನೂ ಕಳೆದುಕೊಳ್ಳತಕ್ಕವನಿಗೆ ತ್ಯಾಗವನ್ನು ಉಪದೇಶಿಸಿದರೆ ಅದು ಕೇಳಿದವನ ವ್ರತವಾಗುವುದಿಲ್ಲ, ಹೇಳಿದವನ ಅನುಕೂಲವಾಗುತ್ತದೆ. ಶರಣರು ಯಾರಿಗೂ ಕಾಯಕವನ್ನು ಬಿಡಿರೆಂದು ಹೇಳಲಿಲ್ಲ. ಅದನ್ನು ಶುದ್ಧಗೊಳಿಸಿರೆಂದು ಹೇಳಿದರು. ಕುರಿ ಕಾಯುತ್ತಿದ್ದ ವೀರಗೊಲ್ಲಾಳನೂ ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣನೂ ತಮ್ಮ ವೃತ್ತಿಯಲ್ಲಿದ್ದೇ ಶರಣಪಂಕ್ತಿಯಲ್ಲಿ ಸ್ಥಾನ ಪಡೆದರು. ಆದುದರಿಂದ ಆಡು ಕಾಯುವವನನ್ನು ಭೂಮಿಯ ಶತ್ರುವೆಂದು ಹಳಿಯುವುದು ಶರಣಧರ್ಮಕ್ಕೆ ಒಪ್ಪತಕ್ಕುದಲ್ಲ. ಅವನ ಕಾಯಕವು ನೆಲವನ್ನು ಕೆಡಿಸದೆ ನಡೆಯುವಂತೆ ದಾರಿ ಮಾಡಿಕೊಡುವುದೇ ಧರ್ಮ.

ಪಾಲಿನ ಆಸೆಯಿಂದ ತೊಡಗಿದ ಸಂಯಮವು ಅಲ್ಲಿಗೇ ನಿಲ್ಲಬೇಕೆಂಬ ನಿಯಮವೂ ಇಲ್ಲ. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ನೆನೆಯಬಹುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನು ಅವನನ್ನು ಕಳುಹಿಸಿದಳು. ಅವಳು ಹಸಿದಿರುವುದನ್ನು ಬೋಧಿಸಲಿಲ್ಲ. ದಿನದ ಅಕ್ಕಿಯನ್ನು ಆಯ್ದು ತರುವುದನ್ನು ಬೇಡವೆನ್ನಲಿಲ್ಲ. ಬೇಕಾದಷ್ಟನ್ನು ಹಕ್ಕಿನಿಂದ ತೆಗೆದುಕೊಂಡವಳು ಬೇಡವಾದುದನ್ನು ನಿರಾಕರಿಸಿದಳು. ಮೊದಲು ಪಾಲು, ಆಮೇಲೆ ಮಿತಿ—ಇದೇ ಸಹಜವಾದ ಕ್ರಮ. ಪಾಲಿಲ್ಲದವನ ಮೇಲೆ ಮಿತಿಯನ್ನು ಹೇರಿದರೆ ಅದು ದಂಡನೆ. ಪಾಲುಳ್ಳವನು ಮಿತಿಯನ್ನು ತಾನೇ ಹಾಕಿಕೊಂಡರೆ ಅದು ಶೀಲ. ಹೊಡಕೆಯ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡುತ್ತಿದ್ದ ನುಲಿಯ ಚಂದಯ್ಯನ ಕಾಯಕವನ್ನು ಬಲ್ಲವರಿಗೆ ಹುಲ್ಲು ಎಂಬುದು ಎಷ್ಟು ದೊಡ್ಡ ಸಂಪತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹುಲ್ಲು ಮತ್ತೆ ಮೊಳೆಯುವಂತೆ ಕೊಯ್ಯುವ ಕೈಯೇ ಶುದ್ಧವಾದ ಕೈ.

ಮೂರನೆಯದು ಸಂಶಯವಾದಿಗಳ ಪಕ್ಷ. ಸುಖೋಮಾಜ್ರಿಯ ಸಮಪಾಲಿನ ಪದ್ಧತಿಯು ಬಹುಕಾಲ ಮೊದಲಿನಂತೆ ಉಳಿಯಲಿಲ್ಲ. ಮುಂದೆ ನೀರನ್ನು ಗಂಟೆಯ ಲೆಕ್ಕದಲ್ಲಿ ಕೊಳ್ಳುವ ಪದ್ಧತಿ ಬಂದಿತು. ಅದರ ಹಣವು ಸಂಘಕ್ಕೆ ಸೇರುತ್ತಿದ್ದರೂ, ನೀರನ್ನು ಬಳಸುವವನು ಹೊಲವುಳ್ಳವನೇ ಆದನು. ಹುಲ್ಲಿನ ಆದಾಯದಲ್ಲಿ ಅರಣ್ಯ ಇಲಾಖೆಯ ಪಾಲು ಹೆಚ್ಚುತ್ತ ಬಂದು ಸಂಘದ ಕೈ ಸಡಿಲವಾಯಿತು. ಒಡ್ಡುಗಳಲ್ಲಿಯೂ ಹೂಳು ಕೂಡಿತು. ಅಲ್ಲದೆ ಆ ಊರಿನವರು ಬಹುಮಟ್ಟಿಗೆ ಒಂದೇ ಕುಲದವರು. ಭಾರೀ ಜಮೀನುದಾರರೂ ಅಲ್ಲಿ ಇರಲಿಲ್ಲ. ತೀರ ಭೂಹೀನರೂ ಕಡಮೆ. ಹಲವು ಜಾತಿಗಳೂ ಹಲವು ಅಂತಸ್ತುಗಳೂ ಇರುವ ಊರಿನಲ್ಲಿ ಇದು ನಡೆಯಬಲ್ಲುದೆ ಎಂದು ಕೇಳುವುದು ಸಹಜ.

ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಇವುಗಳಿಂದ ತೆಗೆಯತಕ್ಕ ನಿರ್ಣಯವು ಬೇರೆ. ಒಮ್ಮೆ ಲಿಂಗಪೂಜೆಯನ್ನು ಮಾಡಿದವನು ಜೀವಮಾನಕ್ಕೆ ಸಾಕಾಯಿತೆಂದು ಕೈತೊಳೆದುಕೊಳ್ಳುವುದಿಲ್ಲ. ಒಮ್ಮೆ ಮಾಡಿದ ದಾಸೋಹದಿಂದ ನಾಳೆ ಬರುವ ಜಂಗಮದ ಹಸಿವು ತೀರುವುದಿಲ್ಲ. ಒಡ್ಡಿನಲ್ಲಿ ಹೂಳು ಕೂಡುವಂತೆ ಸಂಘದಲ್ಲಿಯೂ ಸ್ವಾರ್ಥದ ಹೂಳು ಕೂಡುತ್ತದೆ. ಎರಡನ್ನೂ ಆಗಾಗ ಎತ್ತಿ ಹಾಕಬೇಕು. ಸಮಪಾಲು ಬಲವಾಗಿದ್ದ ಕಾಲದಲ್ಲಿ ಗುಡ್ಡವು ಬೇಗನೆ ಮಾಯಿತು. ಅದು ಸಡಿಲವಾದಂತೆ ಸಂಘದ ಬಲವೂ ಸಡಿಲವಾಯಿತು. ಇದು ತತ್ತ್ವವನ್ನು ಖಂಡಿಸುವುದಿಲ್ಲ, ಸ್ಥಿರಪಡಿಸುತ್ತದೆ. ಇನ್ನು ಹಲವು ಜಾತಿಗಳಿರುವ ಊರಿನಲ್ಲಿ ಕಷ್ಟವೆಂಬುದು ದಿಟ. ಆದರೆ ಶಿವಾಚಾರವೆಂಬುದು ಇರುವುದೇ ಅಲ್ಲಿಗಾಗಿ. ಒಂದೇ ಕುಲದವರಲ್ಲಿ ಸಮಾನತೆಯನ್ನು ನಡೆಯಿಸಲು ಶಿವಾಚಾರದ ಬಲವು ಬೇಕಾಗಿಲ್ಲ. ಸಾಮಾನ್ಯವಾದ ಬಂಧುತ್ವವೇ ಸಾಕು. ಭೇದವಿದ್ದಲ್ಲಿ ಅಭೇದವನ್ನು ನಡೆದು ತೋರಿಸುವುದಕ್ಕಲ್ಲವೆ ಕಲ್ಯಾಣದಲ್ಲಿ ಶರಣರು ಅಷ್ಟು ದೊಡ್ಡ ಬೆಲೆಯನ್ನು ತೆತ್ತುದು?

ಪಂಚಾಚಾರಗಳ ದೃಷ್ಟಿಯಿಂದ ನೋಡಿದರೂ ಈ ಕಾರ್ಯವು ಭಕ್ತನಿಗೆ ಹೊರಗಿನದಲ್ಲ. ನೆಲವನ್ನು ಕೆಡಿಸದೆ ದುಡಿದು ಉಣ್ಣುವುದು ಸದಾಚಾರ. ಹೊಲವಿಲ್ಲದವನನ್ನೂ ಸರಿಸಮನಾಗಿ ಎಣಿಸಿ ಪಾಲು ಕೊಡುವುದು ಶಿವಾಚಾರ. ಒಪ್ಪಿದ ನಿಯಮವು ಮುರಿಯದಂತೆ ಊರೆಲ್ಲವೂ ಕಾಯುವುದು, ಮುರಿದವನು ಎಷ್ಟೇ ದೊಡ್ಡವನಾದರೂ ಪ್ರಶ್ನಿಸುವುದು ಗಣಾಚಾರ. ಬಲ್ಲವನು ಊರಿನವರ ಮುಂದೆ ತನ್ನ ವಿದ್ಯೆಯ ಹಮ್ಮನ್ನು ಕಳೆದು ಅವರಿಂದಲೂ ಕಲಿಯುವುದು ಭೃತ್ಯಾಚಾರ. ಇದೆಲ್ಲವನ್ನೂ ಒಂದು ದಿನವೂ ಬಿಡದೆ ನಿಷ್ಠೆಯಿಂದ ನಡೆಸುವುದಕ್ಕೆ ಬೇಕಾದ ಮನಸ್ಸನ್ನು ಕೊಡುವುದು ಲಿಂಗಾಚಾರ.

ಕನ್ನಡ ನಾಡಿನ ಗ್ರಾಮಗಳಲ್ಲಿ ಈ ವಿಚಾರವನ್ನು ಆಚರಣೆಗೆ ತರಲು ಅವಕಾಶವು ಬೇಕಾದಷ್ಟಿದೆ. ಕರ್ನಾಟಕದಲ್ಲಿ ೨೦೦೧ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಈ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲಿ, ಹೊಲವುಳ್ಳವರ ಸಂಘಗಳ ಜೊತೆಗೆ ಭೂಹೀನರ ಸ್ವಸಹಾಯ ಸಂಘಗಳಿಗೂ ಸ್ಥಾನ ದೊರೆಯಿತು. ಆದರೆ ಯೋಜನೆಗಳು ಬರುತ್ತವೆ, ಹೋಗುತ್ತವೆ. ಊರು ಮಾತ್ರ ಉಳಿಯುತ್ತದೆ. ಊರಿನ ಗೋಮಾಳವು ಯಾರ ಕೈ ಸೇರಿದೆ, ಕೆರೆಯ ಮೇಲಿನ ಗುಡ್ಡದಲ್ಲಿ ಹುಲ್ಲಿದೆಯೆ, ಕೆರೆಯ ನೀರು ಯಾರ ಗದ್ದೆಯನ್ನು ಮುಟ್ಟಿ ಯಾರ ಅಂಗಳವನ್ನು ಮುಟ್ಟದೆ ನಿಲ್ಲುತ್ತದೆ ಎಂಬುದನ್ನು ಯೋಜನೆಯ ಅಧಿಕಾರಿಗಿಂತ ಊರಿನ ಗೃಹಸ್ಥನೇ ಚೆನ್ನಾಗಿ ಬಲ್ಲನು.

ಇಲ್ಲಿ ಲಿಂಗವಂತ ಗೃಹಸ್ಥರು ಒಂದು ಮಾತನ್ನು ಮರೆಯದೆ ತಮ್ಮ ಅಂತರಂಗದಲ್ಲಿ ವಿಚಾರಿಸಿಕೊಳ್ಳತಕ್ಕದ್ದಿದೆ. ಈ ನಾಡಿನ ಬಹುಪಾಲು ಊರುಗಳಲ್ಲಿ ಕೆರೆಯ ಕೆಳಗಿನ ಹೊಲಗಳುಳ್ಳ ಮನೆಗಳಲ್ಲಿ ಶಿವಭಕ್ತರ ಮನೆಗಳೂ ಸೇರಿವೆ. ಗುಡ್ಡದ ಮೇಲೆ ನಾಲ್ಕು ಆಡುಗಳ ಹಿಂದೆ ಅಲೆಯುವವನು ಸಾಮಾನ್ಯವಾಗಿ ಬೇರೆ ಕೇರಿಯವನು. ಗುಡ್ಡವನ್ನು ಮುಚ್ಚಬೇಕೆಂದು ಗ್ರಾಮಸಭೆಯಲ್ಲಿ ಮೊದಲು ಎದ್ದು ಹೇಳುವವರು ಕೆಳಗಿನ ಹೊಲದವರೇ ಆಗಿರುತ್ತಾರೆ. ಅವರು ಹೇಳುವುದು ಭೂಮಿಯ ಹಿತಕ್ಕಾಗಿಯೇ ಇರಬಹುದು. ಆದರೆ ಆ ಮಾತನ್ನು ಆಡುವ ಮೊದಲು ಇನ್ನೊಂದು ಮಾತನ್ನು ಆಡುವ ಧೈರ್ಯವು ಅವರಿಗೆ ಬೇಕು: ಗುಡ್ಡವು ಕೊಡುವ ನೀರಿನಲ್ಲಿಯೂ ಹುಲ್ಲಿನಲ್ಲಿಯೂ ಆ ಕೇರಿಯ ಪ್ರತಿಯೊಂದು ಮನೆಗೂ ತಮ್ಮಷ್ಟೇ ಪಾಲು. ಮೊದಲನೆಯ ಮಾತನ್ನು ಹೇಳಿ ಎರಡನೆಯದನ್ನು ನುಂಗಿದರೆ, ಹಣೆಯ ಮೇಲಿನ ವಿಭೂತಿಯು ಅದನ್ನು ಮರೆಮಾಡಲಾರದು.

ಮಠಗಳ ಹೊಣೆಯೂ ಕಿರಿದಲ್ಲ. ಅನ್ನದಾಸೋಹವು ಮಠದ ಪ್ರಾಣ. ಆದರೆ ದಾಸೋಹದ ಅಕ್ಕಿ ಜೋಳಗಳು ಬರುವುದು ಭಕ್ತರ ಹೊಲದಿಂದ. ಹೊಲಕ್ಕೆ ನೀರು ಬರುವುದು ಊರ ಮೇಲಿನ ಗುಡ್ಡದಿಂದ. ಗುಡ್ಡವು ಬೋಳಾದ ಮೇಲೆ ಪಂಕ್ತಿಯಲ್ಲಿ ಬಡಿಸುವುದು ಎಷ್ಟು ದಿನ ನಡೆದೀತು? ಆದುದರಿಂದ ದಾಸೋಹವು ಪಂಕ್ತಿಯಲ್ಲಿ ಮುಗಿಯದೆ ಗುಡ್ಡದವರೆಗೂ ಹೋಗಬೇಕು. ಊರಿನ ಎಲ್ಲ ಕೇರಿಯವರನ್ನೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿ, ಪಾಲಿನ ಮಾತನ್ನೂ ಮಿತಿಯ ಮಾತನ್ನೂ ಒಟ್ಟಿಗೆ ಆಡಿಸುವ ಸ್ಥಳವಾಗಲು ಮಠದಂಗಳಕ್ಕಿಂತ ಯೋಗ್ಯವಾದ ಸ್ಥಳವು ಯಾವುದಿದೆ?

ಸಿದ್ಧರಾಮರ ಕೆರೆಗೆ ಮತ್ತೆ ಮರಳಿದರೆ ಎಲ್ಲವೂ ತಿಳಿಯಾಗುತ್ತದೆ. ಅಲ್ಲಮಪ್ರಭುಗಳ ಮಾತು ಸಿದ್ಧರಾಮರ ಒಳಗಣ ಹೂಳನ್ನು ತೆಗೆಯಿತು. ಅವರು ಕೆರೆಯನ್ನು ಒಡೆದು ಹಾಕಲಿಲ್ಲ, ಕೆರೆಯ ಒಡೆತನವನ್ನು ಮನಸ್ಸಿನಿಂದ ಕಳಚಿ ಹಾಕಿದರು. ಅನಂತರವೂ ಕೆರೆಯಲ್ಲಿ ನೀರು ನಿಂತಿತು, ಜನರು ಕುಡಿದರು. ಸುಖೋಮಾಜ್ರಿಯ ಒಡ್ಡು ಕಲ್ಲುಮಣ್ಣಿನ ಕೆಲಸವಾಗಿ ಉಳಿದಷ್ಟು ದಿನ ಗುಡ್ಡವು ಬೋಳಾಗಿಯೇ ಇದ್ದಿತು. ಅದರ ನೀರು ಹೊಲವಿಲ್ಲದವನ ಮನೆಗೂ ಪಾಲಾಗಿ ಸಂದಂದು ಹಸುರಾಯಿತು. ಭೂಮಿಯು ಕೇಳುವುದು ಇಷ್ಟನ್ನೇ. ತನ್ನನ್ನು ಕಾಯುವವನಿಗೆ ತನ್ನ ಪ್ರಸಾದವು ಮುಟ್ಟಿದರೆ ಸಾಕು, ಅವಳು ಮಿಕ್ಕುದನ್ನು ತಾನೇ ಮಾಡಿಕೊಳ್ಳುತ್ತಾಳೆ.